ಒಲ್ಲೆನೆಂಬ ಸಾಕ್ಷಿ

ಪಂಗುನಿ ತಿಂಗಳ ಬ್ರಹ್ಮೋತ್ಸವದ ಎಂಟನೆಯ ದಿನ, ಅರವತ್ತಮೂವರು ನಾಯನ್ಮಾರರ ಉತ್ಸವಮೂರ್ತಿಗಳು ಕಪಾಲೀಶ್ವರನೊಡನೆ ಮಾಡವೀದಿಗಳನ್ನು ಸುತ್ತಿ ಬರುವ ಮಧ್ಯಾಹ್ನದಲ್ಲಿ, ಮೈಲಾಪೂರಿನೊಳಗೆ ಹಸಿದ ಮನುಷ್ಯನೊಬ್ಬನನ್ನು ಹುಡುಕಿ ತೆಗೆಯುವುದು ಬಲು ಪ್ರಯಾಸದ ಕೆಲಸ. ಓಣಿಯ ಬಾಯಿಗೊಂದು ಚಪ್ಪರ, ಚಪ್ಪರಕ್ಕೊಂದು ಕೊಳಗ. ಇಲ್ಲಿ ನೀರುಮಜ್ಜಿಗೆ, ಅಲ್ಲಿ ಪಾನಕ, ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದರೆ ಹಬೆಯಾಡುವ ಪೊಂಗಲು. ಬೇಡವೆಂದವನ ಕೈಗೂ ದೊನ್ನೆಯನ್ನು ತುರುಕಿ, ಅವನು ಒಂದು ತುತ್ತನ್ನಾದರೂ ಬಾಯಿಗಿಟ್ಟುಕೊಂಡನೆ ಇಲ್ಲವೆ ಎಂದು ನಿಂತು ನೋಡುವಷ್ಟು ವಾತ್ಸಲ್ಯ ಆ ದಿನ ಆ ಬೀದಿಗಳಿಗೆ ಇರುತ್ತದೆ. ಅನ್ನವನ್ನು ನಿಂದಿಸಬಾರದೆಂಬ ತೈತ್ತಿರೀಯದ ವಿಧಿಯನ್ನು ಓದದವರೂ ಅದನ್ನು ಅಲ್ಲಿ ಪಾಲಿಸುತ್ತಾರೆ. ಓದಿದವರು ಎರಡು ಸಲ ಬಡಿಸಿಕೊಳ್ಳುತ್ತಾರೆ.

ಆ ಪಲ್ಲಕ್ಕಿಗಳ ಸಾಲಿನಲ್ಲಿ ಒಂದು ಮೂರ್ತಿ ಮಾತ್ರ ನೋಡುವವರ ಕಣ್ಣಿಗೆ ಸಿಕ್ಕಿಕೊಂಡು ಬಿಡಲೊಲ್ಲದು. ಮೈಯಲ್ಲಿ ಮಾಂಸವೆಂಬುದಿಲ್ಲ; ಬತ್ತಿದ ಎದೆ, ಎಣಿಸಬಹುದಾದ ಪಕ್ಕೆಲುಬು, ಕೈಯಲ್ಲಿ ತಾಳ. ಇವಳೇ ಕಾರೈಕ್ಕಾಲ್ ಅಮ್ಮೈಯಾರ್. ವರ್ತಕ ಪರಮದತ್ತನ ಹೆಂಡತಿಯಾಗಿದ್ದ ಪುನೀತವತಿಯು, ಮಾವಿನ ಹಣ್ಣಿನ ಅದ್ಭುತವನ್ನು ಕಂಡು ಹೆದರಿದ ಗಂಡ ತನ್ನನ್ನು ಬಿಟ್ಟ ಮೇಲೆ, ಅವನಿಗಾಗಿ ಹೊತ್ತಿದ್ದ ಈ ಮಾಂಸದ ಚೆಲುವು ಇನ್ನೇಕೆಂದು ಶಿವನಲ್ಲಿ ಬೇಡಿ, ಪೇಯಿಯ, ಎಂದರೆ ಪಿಶಾಚಿಯ, ರೂಪವನ್ನು ಪಡೆದು, ಕೈಲಾಸದ ನೆಲವನ್ನು ಕಾಲಿನಿಂದ ಮುಟ್ಟಲೊಲ್ಲದೆ ತಲೆಯ ಮೇಲೆ ನಡೆದು ಹತ್ತಿದಳೆಂಬುದು ಪೆರಿಯಪುರಾಣದ ಕಥೆ. ಹಾಗೆ ಬಂದವಳನ್ನು ಶಿವನು ‘ಅಮ್ಮಾ’ ಎಂದು ಕರೆದನಂತೆ. ಅದೇ ದಿನ ಮೈಲಾಪೂರಿನಲ್ಲಿ ಇನ್ನೊಬ್ಬಳ ಕಥೆಯನ್ನೂ ಆಡಿ ತೋರಿಸುತ್ತಾರೆ. ಅವಳು ಈ ಊರಿನ ಶಿವನೇಶ ಚೆಟ್ಟಿಯಾರನ ಮಗಳು ಪೂಂಪಾವೈ. ಹಾವು ಕಚ್ಚಿ ಸತ್ತವಳ ಬೂದಿಯನ್ನು ತಂದೆ ಕೊಡದಲ್ಲಿ ಕಾಪಿಟ್ಟಿದ್ದನು. ತಿರುಜ್ಞಾನಸಂಬಂಧರು ಬಂದು ಪದಿಗವೊಂದನ್ನು ಹಾಡಿದಾಗ ಆ ಕೊಡ ಒಡೆದು ಅವಳು ಹನ್ನೆರಡು ವರ್ಷದ ಹುಡುಗಿಯಾಗಿ ಎದ್ದು ನಿಂತಳು. ಆ ಪದಿಗದ ತುಂಬ ಇರುವುದು ಒಂದು ಪ್ರಶ್ನೆ: ಮೈಲಾಪೂರಿನ ಹಬ್ಬಗಳನ್ನೆಲ್ಲ ಒಂದೊಂದಾಗಿ ಹೆಸರಿಸಿ, ಇದನ್ನು ನೋಡದೆ ಹೋಗುವೆಯಾ ಎಂದು ಕೇಳುವುದು; ಮತ್ತು ಆ ಹಬ್ಬಗಳಲ್ಲಿ ಮೊದಲನೆಯದು ಶಿವಭಕ್ತರಿಗೆ ಊಟವಿಕ್ಕುವ ಹಬ್ಬ.

ಮಾಂಸವನ್ನು ಕಳೆದುಕೊಂಡವಳದು ತಪಸ್ಸು, ಮಾಂಸವನ್ನು ಮರಳಿ ಪಡೆದವಳದು ಪ್ರಸಾದ. ಪುರಾಣಕ್ಕೆ ಇವೆರಡೂ ಸುಲಭ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವವಳು ಮೂರನೆಯವಳು: ದೊನ್ನೆಯನ್ನು ಕೈಯಲ್ಲಿ ಹಿಡಿದು, ಉಣ್ಣಲಾರದೆ, ಉಣ್ಣಲೊಲ್ಲೆನೆಂದು ಹೇಳಲೂ ಆರದೆ, ಆ ಗುಂಪಿನಲ್ಲಿ ಗೋಡೆಗೊರಗಿ ನಿಂತ ಹದಿನೈದರ ಹುಡುಗಿ.

ಅವಳನ್ನು ಯಾರದೋ ಮನೆಯ ಮಗಳೆಂದು ಓದುಗರು ಊಹಿಸಬಾರದು. ವೈದ್ಯರು ಬರೆದಿಟ್ಟ ಅನೇಕ ವೃತ್ತಾಂತಗಳಿಂದ ಎಳೆ ಎಳೆಯಾಗಿ ತೆಗೆದು ನಾನು ನೆಯ್ದುಕೊಂಡವಳು ಅವಳು. ಆದರೆ ಅವಳಿಗೊಂದು ಮನೆ ಬೇಕಷ್ಟೆ. ಅದನ್ನು ಉತ್ತರ ಮಾಡವೀದಿಯ ಹಿಂದಣ ಓಣಿಯೊಂದರಲ್ಲಿ, ವಿಜಯನಗರದ ಕಾಲದಿಂದೀಚೆಗೆ ತಂಜಾವೂರು ಕುಂಭಕೋಣಗಳ ಕಡೆ ನೆಲಸಿ, ಆಮೇಲೆ ಮದರಾಸಿಗೆ ಬಂದು, ಹೊರಗೆ ತಮಿಳನ್ನೂ ಅಡಿಗೆಮನೆಯಲ್ಲಿ ಅರ್ಧ ತಮಿಳು ಬೆರೆತ ಕನ್ನಡವನ್ನೂ ಆಡುವ ಮಾಧ್ವ ಕುಟುಂಬಗಳ ಮನೆಗಳಲ್ಲೊಂದಾಗಿ ಕಲ್ಪಿಸಿಕೊಳ್ಳುತ್ತೇನೆ. ಹಬ್ಬದ ಎಲೆ ಹಾಕಿದೆ. ಎಲೆಯ ತುದಿಯಲ್ಲಿ ಉಪ್ಪು, ಅದರ ಪಕ್ಕಕ್ಕೆ ಹೆಸರುಬೇಳೆಯ ಕೋಸಂಬರಿ, ಪಲ್ಯ, ಗೊಜ್ಜು. ನಡುವೆ ಅನ್ನ, ಅನ್ನದ ಮೇಲೆ ತೊವ್ವೆ, ತೊವ್ವೆಯ ಮೇಲೆ ತುಪ್ಪ. ಹುಡುಗಿ ತೊವ್ವೆ ತಾಗದ ಅನ್ನವನ್ನು ಬೆರಳ ತುದಿಯಿಂದ ಬಿಡಿಸಿಕೊಂಡು ಸಾರಿನ ತಿಳಿಯನ್ನು ಬೇಡುತ್ತಾಳೆ. ಕೋಸಂಬರಿಯನ್ನು ಒಂದೊಂದೇ ಬೇಳೆಯಾಗಿ ಎಲೆಯ ಅಂಚಿಗೆ ಸರಿಸಿ ಸಾಲಿಡುತ್ತಾಳೆ. ಅಂಬೊಡೆಯನ್ನು ತಮ್ಮನ ಎಲೆಗೆ ದಾಟಿಸುತ್ತಾಳೆ. ಅಕ್ಕಿಯ ಹಪ್ಪಳವಾದರೆ ಆದೀತು, ಆಲೂಗೆಡ್ಡೆಯಾದರೆ ಆದೀತು, ಬೆಲ್ಲದ ಪಾನಕವಾದರೆ ಎರಡು ಲೋಟವೂ ಆದೀತು. “ಅನ್ನದ ಮೇಲೆ ಸಿಟ್ಟು ಮಾಡ್ಕೋಬಾರ್ದು ಕಣೇ ಪುಟ್ಟಿ,” ಎನ್ನುತ್ತಾಳೆ ಅಜ್ಜಿ. “ಸಿಟ್ಟಲ್ಲ ಅಜ್ಜಿ, ಸೇರಲ್ಲ,” ಎನ್ನುತ್ತಾಳೆ ಹುಡುಗಿ. ‘ಸೇರಲ್ಲ’ ಎಂಬ ನಮ್ಮ ಅಡಿಗೆಮನೆಯ ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇದು ಇಷ್ಟವಿಲ್ಲವೆಂಬುದೂ ಹೌದು, ಒಗ್ಗುವುದಿಲ್ಲವೆಂಬುದೂ ಹೌದು, ಮತ್ತು ಯಾವುದು ಯಾವುದರಿಂದ ಹುಟ್ಟಿತೆಂದು ಆಡುವವರಿಗೇ ತಿಳಿದಿರುವುದಿಲ್ಲ.

ಹಸುಗೂಸಾಗಿದ್ದಾಗಲೇ ಅವಳು ಬೇಳೆಕಟ್ಟನ್ನು ಉಗುಳುತ್ತಿದ್ದಳೆಂದು ತಾಯಿಗೆ ನೆನಪಿದೆ. ಮದುವೆಮನೆಯ ಊಟವಾದ ಸಂಜೆ ತಲೆನೋವು, ವಾಂತಿ, ಒಮ್ಮೊಮ್ಮೆ ಅರ್ಥವಿಲ್ಲದ ಮಾತು. ಮರುದಿನ ಏನೂ ಆಗಿಲ್ಲವೆಂಬಂತೆ ಶಾಲೆಗೆ. ದೃಷ್ಟಿ ತೆಗೆದರು, ಪಿತ್ತವೆಂದರು, ಹುಳುವಿನ ಮಾತ್ರೆ ಕೊಟ್ಟರು. ಹದಿನೈದನೆಯ ವಯಸ್ಸಿನಲ್ಲಿ ಪರೀಕ್ಷೆಯ ಓದು, ನಡುವೆ ಒಂದು ಜ್ವರ, ತೂಕ ಇಳಿದು ಮುಟ್ಟು ನಿಂತಾಗ ವಿಷಯಕ್ಕೆ ಹೊಸ ಹೆಸರು ಬಂತು. ಗೆಳತಿಯರು ಕೇಳಿದಾಗ, ಏಕೆ ತಿನ್ನುವುದಿಲ್ಲವೆಂಬುದಕ್ಕೆ ತನ್ನಲ್ಲೇ ಉತ್ತರವಿಲ್ಲದ ಹುಡುಗಿಯು, ಅವರ ನಡುವೆ ಚಲಾವಣೆಯಲ್ಲಿದ್ದ ಉತ್ತರವನ್ನು ಕಡ ತಂದು, “ದಪ್ಪ ಆಗ್ತೀನಿ” ಎಂದಳು. ಆ ಒಂದು ವಾಕ್ಯ ಮನೆಯಿಂದ ಡಾಕ್ಟರರ ಮೇಜಿಗೆ ಹೋಯಿತು. ಅಲ್ಲಿ ಅದಕ್ಕೆ ತಕ್ಕ ಪೆಟ್ಟಿಗೆಯೊಂದು ಸಿದ್ಧವಾಗಿತ್ತು: ಅನೊರೆಕ್ಸಿಯಾ ನರ್ವೋಸ.

ಈ ಪೆಟ್ಟಿಗೆ ಸುಳ್ಳಿನದೆಂದು ನಾನು ಹೇಳುತ್ತಿಲ್ಲ. 1689ರಲ್ಲಿಯೇ ರಿಚರ್ಡ್ ಮಾರ್ಟನ್ ಎಂಬ ಆಂಗ್ಲ ವೈದ್ಯನು ಕ್ಷಯವಿಲ್ಲದೆ ಕ್ಷಯಿಸುವ ಇಬ್ಬರು ಎಳೆಯರನ್ನು ವರ್ಣಿಸಿದ್ದನು. 1873ರಲ್ಲಿ ಪ್ಯಾರಿಸಿನ ಲಸೇಗ್ ಮತ್ತು ಅದರ ಮರುವರ್ಷ ಲಂಡನ್ನಿನ ವಿಲಿಯಂ ಗಲ್ ಅದಕ್ಕೆ ಹೆಸರಿಟ್ಟರು, ಗಲ್ ಇಟ್ಟ ಹೆಸರು ನಿಂತಿತು. ಅದು ನಿಜವಾದ ವ್ಯಾಧಿ, ಕೊಲ್ಲುವ ವ್ಯಾಧಿ. ನಮ್ಮ ಹುಡುಗಿಯರಿಗೆ ಬಾರದೆಂದು ನೆಮ್ಮದಿಯಾಗಿರುವ ಹಾಗೂ ಇಲ್ಲ. 1998ರಲ್ಲಿ ಪ್ರಕಟವಾದ ಮದರಾಸಿನ ಮನೋವೈದ್ಯರ ಸಮೀಕ್ಷೆಯೊಂದು ಇಲ್ಲಿನ 210 ಮಂದಿ ವೈದ್ಯಕೀಯ ವಿದ್ಯಾರ್ಥಿಗಳನ್ನು ವಿಚಾರಿಸಿ, ನೂರಕ್ಕೆ ಸುಮಾರು 15 ಮಂದಿಯಲ್ಲಿ ಆಹಾರವನ್ನು ಕುರಿತ ಕ್ಲೇಶವನ್ನು, ಪೂರ್ಣ ವ್ಯಾಧಿಯಲ್ಲದಿದ್ದರೂ ಅದರ ನೆರಳನ್ನು, ಕಂಡಿತ್ತು. ನನ್ನ ಸಂಶಯವೇನಿದ್ದರೂ ಗಲ್ ಹೆಸರಿಟ್ಟ 28 ವರ್ಷಗಳ ಮೇಲೆ ಅದೇ ಲಂಡನ್ನಿನಲ್ಲಿ ನಡೆದ ಇನ್ನೊಂದು ಸಂಗತಿಗೆ ಸಂಬಂಧಿಸಿದ್ದು. 1902ರಲ್ಲಿ ಆರ್ಚಿಬಾಲ್ಡ್ ಗ್ಯಾರಡ್ ಎಂಬ ವೈದ್ಯನು, ಗಾಳಿಗೆ ನಿಂತಂತೆ ಮೂತ್ರ ಕಪ್ಪಾಗುವ ಕೂಸುಗಳ ವಂಶಗಳನ್ನು ಪರಿಶೀಲಿಸಿ, ಇಬ್ಬರು ಮನುಷ್ಯರ ಮೈಯ ರಚನೆ ಹೇಗೆ ಒಂದೇ ಆಗಿರುವುದಿಲ್ಲವೋ ಹಾಗೆಯೇ ಅವರ ಮೈಯೊಳಗಿನ ರಸಾಯನವೂ ಒಂದೇ ಆಗಿರುವುದಿಲ್ಲವೆಂದು ಬರೆದನು. 1908ರ ಉಪನ್ಯಾಸಗಳಲ್ಲಿ ಅವುಗಳಿಗೆ ಹುಟ್ಟಿನೊಡನೆ ಬಂದ ಚಯಾಪಚಯ ದೋಷಗಳೆಂದು ಹೆಸರಿಟ್ಟನು. ಮನಸ್ಸಿನ ಕಡೆಯಿಂದ ಒಬ್ಬನು ತೆರೆದ ಕಡತ, ರಸಾಯನದ ಕಡೆಯಿಂದ ಇನ್ನೊಬ್ಬನು ತೆರೆದ ಕಡತ. ಎರಡೂ ಒಂದೇ ಊರಿನಲ್ಲಿದ್ದವು. ಒಂದೇ ಹುಡುಗಿಯ ಹೆಸರು ಎರಡರಲ್ಲಿಯೂ ಇರಬಹುದೆಂಬ ಯೋಚನೆ ಹುಟ್ಟಲು ಬಹಳ ಕಾಲ ಹಿಡಿಯಿತು.

ನಮ್ಮ ಹುಡುಗಿಯ ಮೈಯೊಳಗೆ ನಡೆಯುತ್ತಿದ್ದುದೇನು? ಬೇಳೆ, ಹಾಲು, ಮೊಸರುಗಳಲ್ಲಿರುವ ಪ್ರೋಟೀನು ಜೀರ್ಣವಾದಾಗ ಅದರ ಸಾರಜನಕದ ಅಂಶವು ಅಮೋನಿಯವಾಗುತ್ತದೆ. ಅದು ಮಿದುಳಿಗೆ ವಿಷ. ಆ ವಿಷವನ್ನು ನಿರಪಾಯವಾದ ಯೂರಿಯವನ್ನಾಗಿ ಮಾರ್ಪಡಿಸಿ ಮೂತ್ರದೊಡನೆ ಹೊರಕ್ಕೆ ಕಳಿಸುವ ಚಕ್ರವೊಂದು ಯಕೃತ್ತಿನಲ್ಲಿ ತಿರುಗುತ್ತಿರುತ್ತದೆ. 1932ರಲ್ಲಿ ಕ್ರೆಬ್ಸ್ ಮತ್ತು ಹೆನ್ಸಲೈಟ್ ಎಂಬಿಬ್ಬರು ಜರ್ಮನಿಯಲ್ಲಿ ಅದನ್ನು ಕಂಡುಹಿಡಿದರು. ಆ ಚಕ್ರದ ಅರಗಳಲ್ಲೊಂದು, ಆರ್ನಿಥಿನ್ ಟ್ರಾನ್ಸ್‌ಕಾರ್ಬಮೈಲೇಸ್ ಎಂಬ ಕಿಣ್ವ, ಎಕ್ಸ್ ವರ್ಣತಂತುವಿನ ಮೇಲಿನ ಜೀನೊಂದರಿಂದ ಹುಟ್ಟುವಂಥದು. ಗಂಡುಮಗುವಿಗೆ ಎಕ್ಸ್ ಒಂದೇ ಆದ್ದರಿಂದ ಜೀನು ಪೂರ್ತಿ ಕೆಟ್ಟಿದ್ದರೆ ಅವನು ಹುಟ್ಟಿದ ಕೆಲವೇ ದಿನಗಳಲ್ಲಿ ಮೂರ್ಛೆಗೆ ಬೀಳುತ್ತಾನೆ. ಹೆಣ್ಣಿಗೆ ಎಕ್ಸ್ ಎರಡು. ಒಂದೊಂದು ಜೀವಕೋಶವೂ ಎರಡರಲ್ಲೊಂದನ್ನು ಮುಚ್ಚಿಟ್ಟು ಇನ್ನೊಂದನ್ನು ಬಳಸುತ್ತದೆಂದು 1961ರಲ್ಲಿ ಮೇರಿ ಲಯನ್ ಕಂಡಳು. ಹೀಗಾಗಿ ಅವಳ ಯಕೃತ್ತು ಕೆಲಸ ಬಲ್ಲ ಕೋಶಗಳ ಮತ್ತು ಬಾರದ ಕೋಶಗಳ ಮಿಶ್ರವಾಗುತ್ತದೆ; ಬಲ್ಲವು ಎಷ್ಟಿವೆಯೆಂಬುದರ ಮೇಲೆ ಅವಳ ಹಣೆಬರಹ. ಕೆಲವರು ಏನೂ ತಿಳಿಯದೆ ಮುದುಕಿಯರಾಗುತ್ತಾರೆ. ಕೆಲವರು, ತಮಗೂ ತಿಳಿಯದ ಕಾರಣದಿಂದ, ಬೇಳೆಯನ್ನು ಎಲೆಯ ಅಂಚಿಗೆ ಸರಿಸುತ್ತ ಬದುಕುತ್ತಾರೆ.

ಇಂಥವಳನ್ನು ‘ಹಠಮಾರಿ’ ಎಂದೋ ‘ಮನೋರೋಗಿ’ ಎಂದೋ ತೀರ್ಮಾನಿಸಿದ ಮೇಲೆ ಕೊಡುವ ಔಷಧ ಯಾವುದು? ಮೈ ತುಂಬಲಿ ಎಂದು ಪ್ರೋಟೀನಿನ ಪುಡಿ, ಹಾಲು, ಪನೀರು, ದಿನಕ್ಕಿಷ್ಟು ಬಟ್ಟಲೆಂದು ಲೆಕ್ಕವಿಟ್ಟು, ಎದುರಿಗೆ ಕೂತು ತಿನ್ನಿಸುವುದು. ಒಲ್ಲೆನೆಂದಷ್ಟೂ ಅದು ರೋಗದ ಲಕ್ಷಣವೆಂದು ಬರೆದುಕೊಳ್ಳುವುದು. ತಿಂದ ಮೇಲೆ ವಾಂತಿಯಾದರೆ ಬೇಕೆಂದೇ ಮಾಡಿಕೊಂಡಳೆನ್ನುವುದು, ತೊದಲಿದರೆ ನಟನೆಯೆನ್ನುವುದು. ಆ ತೊದಲು ಮಿದುಳಿಗೆ ಅಮೋನಿಯ ಏರುತ್ತಿರುವುದರ ಗುರುತಾಗಿರಬಹುದೆಂದು ಒಬ್ಬರಿಗೆ ಹೊಳೆದರೆ ಹುಡುಗಿ ಬದುಕುತ್ತಾಳೆ. ಸಾಮಾನ್ಯ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಅಮೋನಿಯ ಇರುವುದಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು, ತೆಗೆದ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಕೂಡಲೇ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು, ಅದೂ ಸ್ವಸ್ಥವಾಗಿರುವ ದಿನವಲ್ಲ, ತೊದಲುತ್ತಿರುವ ಹೊತ್ತಿನಲ್ಲಿಯೇ ತೆಗೆಯಬೇಕು. ಏಕೆಂದರೆ ನಡುವಣ ದಿನಗಳಲ್ಲಿ ಅದರ ಪ್ರಮಾಣ ಸಹಜವಾಗಿಯೇ ಇರಬಹುದು.

ಇದೊಂದೇ ದೋಷವಲ್ಲ. ಇದಕ್ಕೆ ತದ್ವಿರುದ್ಧವಾದ ಒಂದನ್ನು ಜಪಾನಿನ ವೈದ್ಯರು ಚೆನ್ನಾಗಿ ಬಲ್ಲರು: ಸಿಟ್ರಿನ್ ಎಂಬ ಪ್ರೋಟೀನಿನ ಕೊರತೆಯವರು ಅನ್ನವನ್ನೂ ಸಿಹಿಯನ್ನೂ ದೂರವಿಟ್ಟು ಕಡಲೆಕಾಯಿ ಕಾಳುಗಳನ್ನೇ ಹುಡುಕಿ ತಿನ್ನುತ್ತಾರೆ, ಅವರಿಗೆ ಬಲವಂತದ ಅನ್ನವೇ ಅಪಾಯ. ಕರುಳಿನ ಚಲನೆಯೇ ಕುಂದಿ, ನಾಲ್ಕು ತುತ್ತಿಗೆ ಹೊಟ್ಟೆ ಬಿರಿದು, ಮೈ ಕಡ್ಡಿಯಾಗುವ ಇನ್ನೊಂದು ವಂಶಾನುಗತ ವ್ಯಾಧಿಯುಂಟು. ಅದರ ಜೀನು 1999ರಲ್ಲಿ ಪತ್ತೆಯಾಗುವ ಮುನ್ನವೂ ಪತ್ತೆಯಾದ ಮೇಲೆಯೂ ಅನೇಕ ರೋಗಿಗಳು ವರ್ಷಗಟ್ಟಲೆ ಅನೊರೆಕ್ಸಿಯಾದ ಹೆಸರಿನಲ್ಲಿ ನವೆದಿದ್ದಾರೆ. ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು ಹಣ್ಣಿನ ಸಕ್ಕರೆಯನ್ನು ತಾಳಲಾರದವರ ಸಂಗತಿ. 1956ರಲ್ಲಿ ಲಂಡನ್ನಿನ ಇಬ್ಬರು ವೈದ್ಯರು, ಸಿಹಿಯನ್ನೂ ಹಣ್ಣನ್ನೂ ಬಾಲ್ಯದಿಂದ ಮುಟ್ಟದ ಯುವತಿಯೊಬ್ಬಳನ್ನು ವರ್ಣಿಸಿದರು. ಫ್ರಕ್ಟೋಸನ್ನು ಸೀಳಬೇಕಾದ ಕಿಣ್ವವೊಂದು ಇಂಥವರ ಯಕೃತ್ತಿನಲ್ಲಿ ಕೆಲಸ ಮಾಡದೆಂಬುದು ಆಮೇಲೆ ತಿಳಿಯಿತು. ಈಗ ಅಂಥ ಕೂಸೊಂದು ನಮ್ಮ ಮನೆಯ ದೇವರ ಮುಂದೆ ಕೂತಿರುವುದನ್ನು ಎಣಿಸಿಕೊಳ್ಳಿ. ಬೆಳ್ಳಿಯ ಉದ್ಧರಣೆಯಲ್ಲಿ ಪಂಚಾಮೃತ ಬರುತ್ತದೆ: ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಮೇಲೆ ಹಿಸುಕಿದ ಬಾಳೆಹಣ್ಣು. ಮಗು ತುಟಿ ಬಿಗಿಯುತ್ತದೆ. ಬಾಯಿ ತೆರೆಸಿ ಹಾಕಿದರೆ ಉಗುಳುತ್ತದೆ, ದೇವರ ಎದುರಿಗೇ. ತೀರ್ಥಪ್ರಸಾದವನ್ನು ಉಗುಳಿದ ಮಗುವಿನ ಮೇಲೆ ಎಷ್ಟು ಹಿರಿಯರ ಕಣ್ಣು ಕೆಂಪಾಗುವುದಿಲ್ಲ! ಅಂಥವರ ಹಲ್ಲುಗಳು ಮಾತ್ರ, ಸಿಹಿ ಸೋಂಕದೆ, ಹುಳುಕಿಲ್ಲದೆ ಮುತ್ತಿನಂತಿರುತ್ತವೆ. ಹಲ್ಲನ್ನು ನೋಡಿ ಸಂಶಯಪಟ್ಟು ರೋಗವನ್ನು ಹಿಡಿದ ವೈದ್ಯರಿದ್ದಾರೆ. ಹಲ್ಲು ಹೇಳಿದ ಮಾತನ್ನು ಅವರು ನಂಬಿದರು, ಮಗು ಹೇಳಿದ್ದೂ ಅದೇ ಮಾತಾಗಿತ್ತು.

ಇಲ್ಲಿಗೆ ನಾನು ಹೇಳಬೇಕೆಂದಿದ್ದ ಪ್ರಶ್ನೆಗೆ ಬರುತ್ತೇನೆ. ಒಬ್ಬಳು ‘ಒಲ್ಲೆ’ ಎಂದಾಗ ಆ ಮಾತನ್ನು ಆಡುತ್ತಿರುವವರು ಯಾರು? ಅವಳ ಇಚ್ಛೆಯೆ, ಅವಳ ಪ್ರಕೃತಿಯೆ? ನಾವು ಅಡಿಗೆಮನೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಮಠದಲ್ಲಿಯೂ ಮೊದಲು ಕೇಳುವುದು ‘ಏಕೆ ಹೀಗೆ ಮಾಡುತ್ತೀಯೆ’ ಎಂದು. ಆ ಪ್ರಶ್ನೆಯ ಹೊಟ್ಟೆಯಲ್ಲಿಯೇ ‘ಇದನ್ನು ಮಾಡುತ್ತಿರುವವಳು ನೀನು’ ಎಂಬ ತೀರ್ಪು ಅಡಗಿದೆ. ಕರ್ಮಗಳೆಲ್ಲ ಪ್ರಕೃತಿಯ ಗುಣಗಳಿಂದ ನಡೆಯುತ್ತಿರಲಾಗಿ ನಾನೇ ಕರ್ತನೆಂದು ಜೀವನು ಭ್ರಮಿಸುತ್ತಾನೆಂದು ಗೀತೆ ಎಚ್ಚರಿಸುವುದು ಅಹಂಕಾರಿಯನ್ನು ಕುರಿತು. ಇಲ್ಲಿಯ ವಿಪರ್ಯಾಸವೆಂದರೆ ಹುಡುಗಿ ತಾನು ಕರ್ತೃವೆಂದು ಹೇಳಿಕೊಳ್ಳಲಿಲ್ಲ; ನಾವೆಲ್ಲ ಸೇರಿ ಅವಳಿಗೆ ಕರ್ತೃತ್ವದ ಪಟ್ಟಕಟ್ಟಿದೆವು, ಕಡೆಗೆ ಅವಳೂ ಅದನ್ನು ನಂಬಿದಳು.

ಆ ಮನೆಯ ಹಿರಿಯರು ದಿನವೂ ಪೂಜಿಸುವ ಆಚಾರ್ಯರ ಸಿದ್ಧಾಂತದಲ್ಲಿಯೇ ಈ ಗಂಟನ್ನು ಬಿಡಿಸುವ ಉಗುರು ಇದೆಯೆಂದು ನನಗೆ ತೋರುತ್ತದೆ. ಮಧ್ವಾಚಾರ್ಯರ ಮತದಲ್ಲಿ, ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಅಚ್ಚುಕಟ್ಟಾಗಿ ನಿರೂಪಿಸಿರುವಂತೆ, ಕಣ್ಣು ಕಿವಿ ಮೂಗು ನಾಲಗೆ ಚರ್ಮಗಳೂ ಮನಸ್ಸೂ ಅಲ್ಲದೆ ಏಳನೆಯದಾದ ಒಂದು ಇಂದ್ರಿಯವುಂಟು, ಅದೇ ಸಾಕ್ಷಿ. ಅದು ಹೊರಗಿನಿಂದ ಬಂದ ಉಪಕರಣವಲ್ಲ, ಜೀವನ ಸ್ವರೂಪವೇ ಆದ ಇಂದ್ರಿಯ. ಅದ್ವೈತಿಗಳೂ ಸಾಕ್ಷಿಯೆಂಬ ಶಬ್ದವನ್ನು ಬಳಸುತ್ತಾರಾದರೂ ಅವರ ಸಾಕ್ಷಿ ಸುಖದುಃಖಗಳು ಅಂಟದ ಚೈತನ್ಯ. ಮಧ್ವರ ಸಾಕ್ಷಿಯಾದರೋ ನನ್ನ ಸುಖ, ನನ್ನ ದುಃಖ ಎಂಬುದನ್ನು ನೇರವಾಗಿ, ಮಧ್ಯಸ್ಥರಿಲ್ಲದೆ ಅನುಭವಿಸುವಂಥದು. ಸಾಕ್ಷಿಯ ಜ್ಞಾನ ಎಂದೂ ಬಾಧಿತವಾಗುವುದಿಲ್ಲ. ಹಗ್ಗ ಹಾವಾಗಿ ಕಂಡೀತು, ಸಿಂಪು ಬೆಳ್ಳಿಯಾಗಿ ಕಂಡೀತು. ಆದರೆ ನೋಯುತ್ತಿದ್ದವನಿಗೆ ‘ನಿನಗೆ ನೋಯುತ್ತಿರಲಿಲ್ಲ’ ಎಂದು ಆಮೇಲೆ ಯಾರೂ ತೋರಿಸಿಕೊಡಲಾರರು. ತಪ್ಪುವುದೆಲ್ಲ ಮನಸ್ಸಿನ ಪಾಲಿಗೆ: ಊಹೆ, ಕಾರಣ, ವಿವರಣೆ, ನೆನಪು, ಇವೆಲ್ಲ ಮಾನಸ, ಇವು ಸತ್ಯವೂ ಆಗಬಹುದು, ಸುಳ್ಳೂ ಆಗಬಹುದು.

ಈ ವಿಭಾಗವನ್ನು ಹುಡುಗಿಯ ಎಲೆಯ ಮುಂದೆ ತಂದಿಟ್ಟು ನೋಡೋಣ. ‘ಸೇರಲ್ಲ’ ಎಂದಳಲ್ಲ, ಅದು ಸಾಕ್ಷಿಯ ಮಾತು. ‘ದಪ್ಪ ಆಗ್ತೀನಿ’ ಎಂದಳಲ್ಲ, ಅದು ಮನಸ್ಸಿನ ಮಾತು, ಅದೂ ಎರವಲು ತಂದದ್ದು. ಮೊದಲನೆಯದನ್ನು ಅಜ್ಜಿ ಹಠವೆಂದು ತಳ್ಳಿಹಾಕಿದಳು. ಎರಡನೆಯದನ್ನು ವೈದ್ಯನು ಪ್ರಮಾಣವೆಂದು ಬರೆದುಕೊಂಡನು. ತೀರ್ಪು ಎಷ್ಟು ತಲೆಕೆಳಗಾಯಿತೆಂದರೆ, ಎಂದೂ ಸುಳ್ಳಾಡದ ಸಾಕ್ಷಿಯನ್ನು ಹೊರಗೆ ನಿಲ್ಲಿಸಿ, ಕೇಳಿದ್ದನ್ನು ಒಪ್ಪಿಸುವ ಗಿಣಿಯನ್ನು ಕಟಕಟೆ ಹತ್ತಿಸಿದಂತಾಯಿತು.

ಇಲ್ಲಿ ಒಬ್ಬ ತಾರ್ಕಿಕನು ಎದ್ದು ನಿಂತು ಆಕ್ಷೇಪಿಸಬಹುದು, ಆಕ್ಷೇಪಿಸಬೇಕು. ಸಾಕ್ಷಿಗೆ ತಿಳಿದದ್ದು ಹೇವರಿಕೆ ಮಾತ್ರ. ಆ ಹೇವರಿಕೆಗೆ ಬೇಳೆಯೇ ಕಾರಣವೆಂಬುದು ಅನುಮಾನವಲ್ಲವೆ? ಊಟಕ್ಕೂ ಸಂಜೆಯ ತಲೆನೋವಿಗೂ ನಡುವೆ ನಾಲ್ಕು ಗಂಟೆಯ ಅಂತರವಿದೆ. ಆ ವ್ಯಾಪ್ತಿಯನ್ನು ಹಿಡಿದವರು ಯಾರು? ಇದಕ್ಕೆ ಉತ್ತರ ಯಾವ ದರ್ಶನಕಾರನಿಂದಲೂ ಬರಲಿಲ್ಲ, ಇಲಿಗಳಿಂದ ಬಂತು. ಅಮೆರಿಕದ ಜಾನ್ ಗಾರ್ಸಿಯಾ 1955ರಿಂದ ಮೊದಲ್ಗೊಂಡು ನಡೆಸಿದ ಪ್ರಯೋಗಗಳಲ್ಲಿ, ಸಿಹಿನೀರು ಕುಡಿದ ಇಲಿಗೆ ಆಮೇಲೆ ಓಕರಿಕೆ ಬರುವಂತೆ ಮಾಡಿದರೆ, ನಡುವೆ ಗಂಟೆಗಳೇ ಕಳೆದಿದ್ದರೂ, ಆ ಇಲಿ ಆ ರುಚಿಯನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಕಂಡ ಬೆಳಕನ್ನೋ ಕೇಳಿದ ಸದ್ದನ್ನೋ ಅದು ದೂರಲಿಲ್ಲ, ರುಚಿಯನ್ನೇ ದೂರಿತು. ದೇಹವು ಮನಸ್ಸಿಗೆ ಹೇಳದೆ ತಾನೇ ಒಂದು ಅನುಮಾನವನ್ನು ಕಟ್ಟಿ, ನಿಗಮನವನ್ನು ಮಾತ್ರ ಅರುಚಿಯ ರೂಪದಲ್ಲಿ ನಾಲಗೆಗೆ ತಲಪಿಸುತ್ತದೆ. ಹೇತು ದೃಷ್ಟಾಂತಗಳನ್ನು ಕೇಳಿದರೆ ಹುಡುಗಿ ಪಾಪ ಏನು ಹೇಳಿಯಾಳು?

ಆದರೆ ತಾರ್ಕಿಕನ ಆಕ್ಷೇಪದಲ್ಲಿ ಉಳಿದ ಅರ್ಧವನ್ನು ನಾನು ನುಂಗಿಕೊಳ್ಳಲಾರೆ. ಒಲ್ಲೆನೆಂಬವರೆಲ್ಲರ ಯಕೃತ್ತಿನಲ್ಲಿ ದೋಷವಿರುವುದಿಲ್ಲ. ಇಂಥ ದೋಷಗಳು ಒಂದೊಂದೂ ಹತ್ತಾರು ಸಾವಿರಕ್ಕೊಬ್ಬರಲ್ಲಿ ಕಾಣುವ ವಿರಳ ಸಂಗತಿಗಳು. ‘ನಮ್ಮ ಮಗಳಿಗೆ ಮನಸ್ಸಿನ ಕಾಯಿಲೆಯಲ್ಲ, ರಕ್ತದ ಕಾಯಿಲೆ’ ಎಂಬ ಸಮಾಧಾನಕ್ಕೆ ಜೋತುಬೀಳುವ ತಂದೆತಾಯಿಗಳ ಕೈಗೆ ಈ ಬರಹವನ್ನು ಆಯುಧವಾಗಿ ಕೊಡುವುದು ನನ್ನ ಉದ್ದೇಶವಲ್ಲ; ಆ ಸಮಾಧಾನದೊಳಗೆ ಮನಸ್ಸಿನ ಕಾಯಿಲೆ ಅವಮಾನವೆಂಬ ಹಳೆಯ ಕೊಳೆ ಕುಳಿತಿದೆ. ಎಲುಬು ಕಾಣುವಾಗಲೂ ಕನ್ನಡಿಯಲ್ಲಿ ತನ್ನನ್ನು ಸ್ಥೂಲವಾಗಿ ಕಾಣುವವಳದು ಸಾಕ್ಷಿಯ ಜ್ಞಾನವಲ್ಲ, ಭ್ರಮೆ. ಅವಳ ಸಾಕ್ಷಿ ಒಳಗೆ ಹಸಿವಿನಿಂದ ಕೂಗುತ್ತಲೇ ಇರುತ್ತದೆ. ಹೀಗೆ ಬೇರ್ಪಡಿಸಲು ಗುರುತುಗಳಿಲ್ಲದಿಲ್ಲ. ಅವಳು ಒಲ್ಲೆನೆನ್ನುವುದು ಎಲ್ಲವನ್ನೂ ಕುರಿತೊ, ಕೆಲವನ್ನು ಮಾತ್ರವೊ? ಕನ್ನಡಿಯ ಪರಿಚಯವಾಗುವುದಕ್ಕೆ ಮುಂಚೆ, ಮೊಲೆ ಬಿಟ್ಟ ಕಾಲದಿಂದ, ಅದೇ ವಸ್ತುವನ್ನು ಉಗುಳುತ್ತಿದ್ದಳೊ? ಜ್ವರ ಬಂದಾಗ, ಉಪವಾಸವಿದ್ದಾಗ, ಔತಣದ ಮರುದಿನ ಏನಾಗುತ್ತದೆ? ಮಧ್ವಸಿದ್ಧಾಂತದವರೂ ಸಂಶಯ ಬಂದಲ್ಲಿ ಪರೀಕ್ಷೆ ಬೇಕೆನ್ನುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದಕ್ಕೆ ಮುದ್ರೆಯೊತ್ತುವುದು ಮತ್ತೆ ಸಾಕ್ಷಿಯೇ. ಮಂಜುಗಡ್ಡೆಯಲ್ಲಿಟ್ಟ ಆ ರಕ್ತದ ನಳಿಗೆಯನ್ನು ನಾನು ಪರೀಕ್ಷೆಯೆಂಬ ಆ ಶಾಸ್ತ್ರಶಬ್ದದ ಪಕ್ಕಕ್ಕೆ ಧಾರಾಳವಾಗಿ ಇಟ್ಟೇನು.

ಗಡಿಯೂ ನಾವೆಣಿಸಿದಷ್ಟು ಗಟ್ಟಿಯಲ್ಲ. 2019ರಲ್ಲಿ ಅನೇಕ ದೇಶಗಳ ಸಂಶೋಧಕರು 16,992 ಮಂದಿ ಅನೊರೆಕ್ಸಿಯಾ ರೋಗಿಗಳ ಜೀನುಗಳನ್ನು ಶೋಧಿಸಿ, ಆ ವ್ಯಾಧಿಯ ಬೇರುಗಳು ಮನಸ್ಸಿನ ಕಡೆಗಷ್ಟೇ ಅಲ್ಲದೆ ಚಯಾಪಚಯದ ಕಡೆಗೂ ಹರಿದಿರುವುದನ್ನು ಕಂಡರು. ಅಚ್ಚ ಮನೋವ್ಯಾಧಿಯೆಂದು ನಾವು ಒಪ್ಪಿಕೊಂಡವಳಲ್ಲಿಯೂ ಪ್ರಕೃತಿಯ ಪಾಲು ಇದ್ದೇ ಇದೆ ಎಂದಾಯಿತು.

ಕನ್ನಡನಾಡಿನವರಾದ ನಮಗೆ ಆಹಾರತ್ಯಾಗದ ಮಹಿಮೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸನ್ಯಸನದಿಂದ ಮುಡಿಪಿದವರ ಹೆಸರುಗಳು ಹದಿಮೂರು ಹದಿನಾಲ್ಕು ಶತಮಾನಗಳಿಂದ ಬಿಸಿಲು ಕಾಯುತ್ತಿವೆ. ಆದರೆ ಆ ಜೈನಾಚಾರ್ಯರು ಎಷ್ಟು ಎಚ್ಚರಿಕೆಯವರೆಂದರೆ, ರಾಗದ್ವೇಷಗಳ ಕಷಾಯವಿದ್ದು ಮಾಡಿದ ಆಹಾರತ್ಯಾಗವನ್ನು ಅವರು ಸಲ್ಲೇಖನವೆಂದು ಒಪ್ಪುವುದಿಲ್ಲ. ಗುರುವಿನ ಅನುಮತಿ ಬೇಕು, ಕ್ರಮ ಬೇಕು, ಬಿಡುತ್ತಿರುವವನು ಏಕೆ ಬಿಡುತ್ತಿದ್ದಾನೆಂಬುದರ ವಿಚಾರಣೆ ಬೇಕು. ನಮ್ಮ ಧರ್ಮಶಾಸ್ತ್ರಕಾರರೂ ಹಾಗೆಯೇ. ಏಕಾದಶಿಯ ಉಪವಾಸವನ್ನು ಎಂಟು ವರ್ಷ ದಾಟಿದವರೆಲ್ಲ ಎಂಬತ್ತು ತುಂಬುವವರೆಗೆ ಮಾಡಬೇಕೆಂದು ಬಿಗಿಯಾಗಿ ವಿಧಿಸಿದವರೇ, ವ್ರತವನ್ನು ಕೆಡಿಸದ ಎಂಟನ್ನು ಎಣಿಸುವಾಗ ನೀರು, ಗೆಡ್ಡೆ, ಹಣ್ಣು, ಹಾಲುಗಳ ಜೊತೆಗೆ ಗುರುವಿನ ಮಾತನ್ನೂ ಔಷಧವನ್ನೂ ಸೇರಿಸಿದರು. ಈ ಕೊನೆಯ ಶಬ್ದ ನಮ್ಮ ಹುಡುಗಿಯ ಪಾಲಿಗೆ ಪ್ರಾಣದ ಶಬ್ದ. ಪ್ರೋಟೀನನ್ನು ತಿಂದರೆ ಅವಳಿಗೆ ಕೇಡೆಂಬುದು ಅರ್ಧಸತ್ಯ. ಏನನ್ನೂ ತಿನ್ನದಿದ್ದರೆ ಇನ್ನೂ ಕೇಡು. ಉಪವಾಸ ದೀರ್ಘವಾದಂತೆ ದೇಹ ತನ್ನ ಮಾಂಸವನ್ನೇ ಉರಿಸತೊಡಗುತ್ತದೆ, ಆ ಮಾಂಸವೂ ಪ್ರೋಟೀನೇ, ಅದರಿಂದಲೂ ಅಮೋನಿಯವೇ. ಎಲೆಯ ಅಂಚಿಗೆ ಬೇಳೆ ಸರಿಸಿ ತನ್ನನ್ನು ಕಾಪಾಡಿಕೊಂಡಿದ್ದವಳು, ದಶಮಿಯ ರಾತ್ರಿಯಿಂದ ದ್ವಾದಶಿಯ ಪಾರಣೆಯವರೆಗಿನ ನಿಷ್ಠೆಯಲ್ಲಿ ತನ್ನನ್ನೇ ತಿಂದು ಮೂರ್ಛೆ ಹೋಗಬಹುದು. ಸಾಕ್ಷಿ ಅವಳಿಗೆ ಬೇಳೆಯ ವಿಷಯವನ್ನು ಹೇಳಿತ್ತು. ಉಪವಾಸದ ವಿಷಯವನ್ನು ಹೇಳುವುದಕ್ಕೆ ವೈದ್ಯನೇ ಬೇಕಾಯಿತು.

ರೋಗದ ಹೆಸರು ತಿಳಿದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆ ಬೇರೆ: ಇದು ಯಾರ ಕರ್ಮ? ಈ ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ಉತ್ತರವನ್ನು ಮೊದಲೇ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಬಂದಿರುತ್ತಾರೆ. ಆ ಉತ್ತರ ಬಹುಪಾಲು ಸೊಸೆಯಾಗಿರುತ್ತಾಳೆ. ದೋಷವಿರುವುದು ತಾಯಿಯ ಎಕ್ಸಿನಲ್ಲೆಂದು ಕೇಳಿದೊಡನೆ ಅತ್ತೆಮನೆಯ ವೇದಾಂತಕ್ಕೆ ಒಂದು ವಿಜ್ಞಾನದ ಕೋಲೂ ಸಿಕ್ಕಿದಂತಾಗುತ್ತದೆ. ಆದರೆ ಆ ದೋಷ ತಾಯಿಗೆ ಅವಳ ತಂದೆಯಿಂದಲೊ ತಾಯಿಯಿಂದಲೊ ಬಂದಿರಬಹುದು, ಅಥವಾ ಹುಡುಗಿಯಲ್ಲಿಯೇ ಹೊಸದಾಗಿ ಹುಟ್ಟಿರಬಹುದು. ಇನ್ನು ಹಣ್ಣಿನ ಸಕ್ಕರೆಯಂಥ ದೋಷಗಳಾದರೋ ತಂದೆತಾಯಿಗಳಿಬ್ಬರಿಂದಲೂ ಒಂದೊಂದು ಪಾಲು ಬಂದರೆ ಮಾತ್ರ ಪ್ರಕಟವಾಗುವಂಥವು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ದಕ್ಷಿಣದ ಪದ್ಧತಿಯಲ್ಲಿ ಅಂಥ ಎರಡು ಪಾಲುಗಳು ಕೂಡುವ ಸಂಭವ ಹೆಚ್ಚು. 1980ರ ದಶಕದಲ್ಲಿ ಕರ್ನಾಟಕದಲ್ಲಿ ಅಪ್ಪಾಜಿ ರಾವ್, ರಾಧಾ ರಮಾದೇವಿ ಮೊದಲಾದವರು ಲಕ್ಷದ ಆಸುಪಾಸು ಹಸುಗೂಸುಗಳ ರಕ್ತವನ್ನು ಇಂಥ ದೋಷಗಳಿಗಾಗಿ ಪರೀಕ್ಷಿಸಿದಾಗ, ಅವುಗಳ ತಂದೆತಾಯಿಗಳ ಮದುವೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ರಕ್ತಸಂಬಂಧದೊಳಗಿನವೆಂದು ಕಂಡುಬಂತು. ಕರ್ಮಸಿದ್ಧಾಂತವನ್ನು ನಾನು ತಿರಸ್ಕರಿಸುವವನಲ್ಲ. ಆದರೆ ಅದು ತನ್ನ ನೋವನ್ನು ತಾನು ಹೊರುವುದಕ್ಕೆ ಇರುವ ಊರುಗೋಲು. ಅದನ್ನು ಪರರ ನೋವಿನ ಮೇಲೆ ಎತ್ತಿದವರು ಸಿದ್ಧಾಂತಕ್ಕೂ ನೋವಿಗೂ ಅಪಚಾರ ಮಾಡುತ್ತಾರೆ.

ಚರಕನ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಊಟವನ್ನು ನಿರ್ಣಯಿಸುವ ಎಂಟು ಅಂಶಗಳ ಎಣಿಕೆಯಿದೆ. ಪದಾರ್ಥದ ಸ್ವಭಾವ, ಅದಕ್ಕೆ ಮಾಡಿದ ಸಂಸ್ಕಾರ, ಬೆರಕೆ, ಪ್ರಮಾಣ, ದೇಶ, ಕಾಲ, ಉಣ್ಣುವ ನಿಯಮ, ಇವು ಏಳು. ಎಂಟನೆಯದು ಉಪಯೋಕ್ತೃ, ಅಂದರೆ ಉಣ್ಣುವವನು. ಯಾವುದು ಯಾರಿಗೆ ಸಾತ್ಮ್ಯವೆಂಬುದು ಅವನನ್ನೇ ಹೊಂದಿಕೊಂಡಿದೆಯೆಂದು ಚರಕ ಹೇಳುತ್ತಾನೆ. ಬಡಿಸುವವರು ನಾವು ಮೊದಲ ಏಳರಲ್ಲಿ ಗಟ್ಟಿಗರು. ಯಾವ ಹುಣ್ಣಿಮೆಗೆ ಯಾವ ಭಕ್ಷ್ಯ, ಹುಳಿಗೆ ಎಷ್ಟು ಬೇಳೆ, ಎಲೆಯ ಯಾವ ಮೂಲೆಗೆ ಏನು, ಇದರಲ್ಲಿ ನಮ್ಮನ್ನು ಮೀರಿಸುವವರಿಲ್ಲ; ಎಂಟನೆಯದು ಎದುರಿಗೇ ಕೂತು ಬೇಳೆಗಳನ್ನು ಸಾಲಿಡುತ್ತಿದ್ದರೂ ಕಾಣುವುದಿಲ್ಲ.

ನನ್ನ ಕಲ್ಪನೆಯ ಆ ಮನೆಯಲ್ಲಿ ಕಡೆಗೆ ಕಂಡಿತು. ಈಗ ಅಡಿಗೆಮನೆಯ ಕಟ್ಟೆಯ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ಅಂಗೈಯಗಲದ ಒಂದು ತೂಕದ ಯಂತ್ರ ಬಂದು ಕುಳಿತಿದೆ. ದಿನಕ್ಕೆ ಇಷ್ಟೇ ಗ್ರಾಂ ಪ್ರೋಟೀನೆಂದು ವೈದ್ಯರು ಬರೆದುಕೊಟ್ಟ ಚೀಟಿ ಪಂಚಾಂಗದ ಮೊಳೆಗೇ ತೂಗುಬಿದ್ದಿದೆ. ಇಂದು ಏಕಾದಶಿ. ಅಜ್ಜಿ ನಿನ್ನೆ ರಾತ್ರಿಯಿಂದ ಒಂದು ಹನಿ ನೀರನ್ನೂ ಬಾಯಿಗಿಟ್ಟಿಲ್ಲ. ಒಲೆಯ ಮೇಲೆ ಮಾತ್ರ ಸಬ್ಬಕ್ಕಿ ಕುದಿಯುತ್ತಿದೆ. ಅದು ಬಹುಮಟ್ಟಿಗೆ ಬರಿಯ ಪಿಷ್ಟ, ಹುಡುಗಿಯ ಮೈಗೆ ಬೇಕಾದ ಶಕ್ತಿಯನ್ನು ಕೊಡುತ್ತದೆ, ಅಮೋನಿಯದ ಭಾರವನ್ನು ಹೊರಿಸುವುದಿಲ್ಲ, ಏಕಾದಶಿಗೆ ನಿಷಿದ್ಧವೂ ಅಲ್ಲ. “ಎಷ್ಟು ಹಾಕಲೇ ಪುಟ್ಟಿ?” ಎಂದು ಅಜ್ಜಿ ಕೇಳುತ್ತಾಳೆ. ಹುಡುಗಿ ಹೇಳುತ್ತಾಳೆ. ಒಣಗಿದ ತುಟಿಗಳನ್ನು ಸೆರಗಿನಿಂದ ಒತ್ತಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಬಟ್ಟಲನ್ನು ಆ ಯಂತ್ರದ ಮೇಲಿಟ್ಟು, ಓಡುತ್ತಿರುವ ಅಂಕೆ ನಿಲ್ಲುವವರೆಗೆ ಮುದುಕಿ ಕಾಯುತ್ತಾಳೆ.